ಬೀಳಿಸದವನ ಬೌಲಿಂಗ್

ನಮ್ಮ ಮನೆಯಲ್ಲಿ ಏಳು ವರ್ಷ ಒಂದು ಲೋಟವೂ ಕೆಳಗೆ ಬೀಳಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ. ಸ್ಟೀಲು ಪಾತ್ರೆ ಇರುವ ಮನೆಯಲ್ಲಿ ದಿನಕ್ಕೆ ಒಂದಾದರೂ ಠಣ್ಣೆಂದು ಬೀಳಲೇಬೇಕು. ನಮ್ಮಲ್ಲಿ ಬೀಳುತ್ತಿರಲಿಲ್ಲ, ಏಕೆಂದರೆ ಅಡುಗೆಮನೆಯ ಪಾತ್ರೆಗಳೆಲ್ಲ ನನ್ನ ತಮ್ಮನ ವಶದಲ್ಲಿದ್ದವು. ತೊಳೆದ ಲೋಟಗಳನ್ನು ಒಂದೊಂದೇ ಎರಡೂ ಕೈಯಲ್ಲಿ ಹಿಡಿದು ತಂದು ಗೂಡಿನಲ್ಲಿ ಬೋರಲು ಹಾಕುತ್ತಿದ್ದ. ಸದ್ದೇ ಬರುತ್ತಿರಲಿಲ್ಲ. ನಾನು ಮೇಜಿನ ಅಂಚಿಗೆ ಕನ್ನಡಕ ಇಟ್ಟರೆ ಬಂದು ಒಳಕ್ಕೆ ಸರಿಸುತ್ತಿದ್ದ. ಅಮ್ಮ ಮೆಟ್ಟಿಲಿಳಿಯುವಾಗ ಎಲ್ಲಿದ್ದರೂ ಓಡಿಬಂದು ಅವಳ ಮೊಣಕೈ ಹಿಡಿಯುತ್ತಿದ್ದ. ಬಂದ ನೆಂಟರು ಎಷ್ಟು ಜೋಪಾನ ನೋಡಿ ಎಂದು ಮೆಚ್ಚುತ್ತಿದ್ದರು. ನಾನೇ ಕಲಿಸಿದ್ದು ಎಂದು ನಾನು ಬೀಗುತ್ತಿದ್ದೆ. ಕಲಿಸಿದ್ದು ನಾನೇ ಎನ್ನುವುದು ನಿಜ. ಹೇಗೆ ಕಲಿಸಿದೆ ಎನ್ನುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ತಮ್ಮ ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಹುಟ್ಟಿದ ವಾರದಲ್ಲೇ ಡಾಕ್ಟರು ಅವನ ಕಣ್ಣು, ಅಂಗೈ ನೋಡಿ, ಇವನ ಬುದ್ಧಿ ಬಹಳ ನಿಧಾನವಾಗಿ ಬೆಳೆಯುತ್ತದೆ ಎಂದಿದ್ದರಂತೆ. ಅರ್ಜಿಗಳಲ್ಲಿ ಅದಕ್ಕೆ ‘ಬುದ್ಧಿಮಾಂದ್ಯ’ ಎಂದು ತುಂಬಬೇಕಿತ್ತು. ಆ ಪದ ಬರೆಯುವಾಗೆಲ್ಲ ನನಗೆ ಪೆನ್ನು ಮುರಿದುಹಾಕಬೇಕು ಎನಿಸುತ್ತಿತ್ತು. ನಾವಿದ್ದದ್ದು ಜಯನಗರ ಮುಗಿದು ತಿಲಕ್ ನಗರ ಶುರುವಾಗುವ ಕಡೆ, ಅಪ್ಪ ಕಟ್ಟಿಸಿದ ಮನೆಯಲ್ಲಿ. ಮಹಡಿಯ ಮೇಲೊಂದು ಬಾಡಿಗೆ ಮನೆ. ನಾನು ನಾಲ್ಕನೇ ಬ್ಲಾಕಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಮದುವೆಯಾಗಲಿಲ್ಲ. ತಮ್ಮನಿಗೋಸ್ಕರ ತ್ಯಾಗ ಮಾಡಿದಳು ಎಂದು ಬಂಧುಗಳು ಹೇಳಿಕೊಳ್ಳುತ್ತಿದ್ದರು, ಕೇಳಲು ಚೆನ್ನಾಗಿತ್ತು, ನಾನೂ ಸುಮ್ಮನಿದ್ದೆ. ನಿಜ ಏನೆಂದರೆ ನನ್ನನ್ನು ನೋಡಲು ಬಂದ ಎರಡು ಮೂರು ಗಂಡುಗಳು ನನ್ನ ಬಾಯಿಗೆ ಹೆದರಿ ಹಿಂದೆ ಸರಿದಿದ್ದರು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ಅಪ್ಪನಿಗೆ ಬಿ.ಪಿ. ಇತ್ತು, ಕಾಲು ಸ್ವಲ್ಪ ಸೋಲುತ್ತಿತ್ತು. ದಿನಾ ಬೆಳಿಗ್ಗೆ ಅವರನ್ನು ಕೈಹಿಡಿದು ಹಿತ್ತಲಿನ ಬಚ್ಚಲಿಗೆ ಕರೆದುಕೊಂಡು ಹೋಗುವುದು ತಮ್ಮನ ಕೆಲಸ. ಆ ಕೆಲಸದ ಬಗ್ಗೆ ಅವನಿಗೆ ಎಷ್ಟು ಹೆಮ್ಮೆಯೆಂದರೆ, ನಾನು ಕೈಕೊಡಲು ಹೋದರೆ ನನ್ನನ್ನು ತಳ್ಳಿ ಕಳಿಸುತ್ತಿದ್ದ. ಒಂದು ದಿನ ನಾನು ಆಫೀಸಿಗೆ ಹೊರಟು ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದಾಗ ಹಿತ್ತಲಲ್ಲಿ ಏನೋ ಬಿದ್ದ ಸದ್ದಾಯಿತು. ಓಡಿಹೋಗಿ ನೋಡಿದರೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಅಪ್ಪ ಬಿದ್ದಿದ್ದಾರೆ. ತಮ್ಮ ಅವರ ತೋಳನ್ನು ಇನ್ನೂ ಹಿಡಿದುಕೊಂಡೇ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ.

“ಬೀಳಿಸ್ಬಿಟ್ಯಲ್ಲೋ,” ಎಂದು ಕಿರುಚಿದೆ. “ಒಂದ್ ಕೆಲ್ಸ ನೆಟ್ಟಗೆ ಮಾಡಕ್ಕಾಗಲ್ವೇನೋ ನಿಂಗೆ. ಅಪ್ಪನ್ನ ಬೀಳಿಸ್ಬಿಟ್ಯಲ್ಲೋ.”

ಅಷ್ಟು ಹೇಳಿ, ಅಲ್ಲೇ ಕಲ್ಲಿನ ಮೇಲೆ ಕುಸಿದು, ಬಾಯಿಬಿಟ್ಟು ಅತ್ತೆ. ನಾನು ಅಳುವುದನ್ನು ತಮ್ಮ ಅದಕ್ಕೆ ಮುಂಚೆ ಒಂದು ದಿನವೂ ಕಂಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ, ನಿಂತಲ್ಲೇ ಪ್ರಾಣ ಹೋಗಿರಬೇಕು, ಬಿದ್ದದ್ದರಿಂದ ಏನೂ ಆದದ್ದಲ್ಲ, ಯಾರು ಹಿಡಿದುಕೊಂಡಿದ್ದರೂ ನಿಲ್ಲುತ್ತಿರಲಿಲ್ಲ. ಅಂದರೆ ಅಂದೇ ನನಗೆ ಗೊತ್ತಿತ್ತು. ತಮ್ಮನಿಗೆ ಹೇಳಲಿಲ್ಲ. ಮೊದಲು ಹದಿಮೂರು ದಿನದ ಗಡಿಬಿಡಿ ಕಳೆಯಲಿ ಎಂದುಕೊಂಡೆ. ಆಮೇಲೆ, ಅವನಿಗೆಲ್ಲಿ ನೆನಪಿರುತ್ತದೆ ಎಂದುಕೊಂಡೆ. ಅವನಿಗೊಂದು ಮಾತು ಹೇಳೇ ಎಂದು ಅಮ್ಮ ಎರಡು ಸಲ ನೆನಪಿಸಿದಳು. “ಹೇಳಿದ್ರೆ ಅವ್ನಿಗೇನ್ ಅರ್ಥ ಆಗತ್ತೆ, ಬಿಡಮ್ಮ,” ಎಂದೆ. ಮೂರನೇ ಸಲ ಅಮ್ಮ ಹೇಳಲಿಲ್ಲ. ಮನೆಯಲ್ಲಿ ಲೋಟ ಬೀಳುವುದು ನಿಂತದ್ದು ಆ ತಿಂಗಳಿಂದ.

ಎರಡು ಸಾವಿರ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ತಮ್ಮನಿಗೆ ಆಗ ಮೂವತ್ತರ ಹತ್ತಿರ. ಜೆ.ಪಿ. ನಗರದಲ್ಲಿ ಅವನಂಥವರಿಗಾಗಿ ಇದ್ದ ಒಂದು ಶಾಲೆಯ ಕಾರ್ಯಾಗಾರಕ್ಕೆ ಹೋಗುತ್ತಿದ್ದ. ಅಗರಬತ್ತಿಗಳನ್ನು ಇಪ್ಪತ್ತಿಪ್ಪತ್ತು ಎಣಿಸಿ ಕವರಿಗೆ ತುಂಬುವ ಕೆಲಸ. ಅಲ್ಲಿ ಆಟ ಕಲಿಸಲು ಹೊಸದಾಗಿ ಒಬ್ಬ ಟೀಚರ್ ಬಂದರು. ಬನಶಂಕರಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಿ.ಟಿ.ಎಂ. ಕಡೆ ಹೊಸ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಬೌಲಿಂಗ್ ಆಡುವ ಜಾಗ ತೆರೆದಿದ್ದರು. ಮಂಗಳವಾರ ಬೆಳಿಗ್ಗೆ ಅಲ್ಲಿ ನೊಣವೂ ಇರುವುದಿಲ್ಲ ಎಂದು ತಿಳಿದು, ಈಕೆ ಮಾಲೀಕರನ್ನು ಕಾಡಿಬೇಡಿ ಎರಡು ಗಂಟೆ ಹೊತ್ತು ಜಾಗ ಗಿಟ್ಟಿಸಿಕೊಂಡಿದ್ದರು. ಒಪ್ಪಿಗೆಯ ಕಾಗದ ನಮ್ಮ ಮನೆಗೂ ಬಂತು.

“ಕ್ರಿಕೆಟ್ಟಾ? ಚೆಂಡು ಮುಖಕ್ಕೆ ಬಿದ್ರೆ?” ಎಂದಳು ಅಮ್ಮ.

ಕ್ರಿಕೆಟ್ ಅಲ್ಲ. ಎಣ್ಣೆ ಹಚ್ಚಿದ ಉದ್ದನೆಯ ಮರದ ಹಾದಿ, ಅದರ ಕೊನೆಯಲ್ಲಿ ತ್ರಿಕೋನದ ಆಕಾರದಲ್ಲಿ ನಿಲ್ಲಿಸಿದ ಹತ್ತು ಬಿಳಿಯ ಪಿನ್ನುಗಳು. ಭಾರದ ಚೆಂಡನ್ನು ಈ ತುದಿಯಿಂದ ಉರುಳಿಸಿ ಅವನ್ನು ಬೀಳಿಸಬೇಕು. ಹಾದಿಯ ಎರಡೂ ಕಡೆ ಚರಂಡಿಯಂಥ ತಗ್ಗು. ಚೆಂಡು ಅದಕ್ಕೆ ಇಳಿದರೆ ಸೊನ್ನೆ. ಬಿದ್ದ ಪಿನ್ನುಗಳನ್ನು ಯಂತ್ರ ಗುಡಿಸಿಕೊಂಡು ಹೋಗಿ ಮತ್ತೆ ಹತ್ತನ್ನೂ ನಿಲ್ಲಿಸುತ್ತದೆ. ದುಡ್ಡು ಹೆಚ್ಚಾದವರ ಮಕ್ಕಳು ಹುಟ್ಟುಹಬ್ಬಕ್ಕೆ ಆಡುವ ಆಟ ಇದು, ಇವರಿಗೆ ಯಾಕೆ, ಎಂದು ಶಾಲೆಯ ಗೇಟಿನಲ್ಲಿ ಟೀಚರನ್ನೇ ಕೇಳಿದೆ. ಆಕೆ ಬೇಸರ ಮಾಡಿಕೊಳ್ಳಲಿಲ್ಲ. “ಓಡೋ ಹಂಗಿಲ್ಲ ಮೇಡಂ, ಯಾರೂ ಯಾರ್ನೂ ತಳ್ಳಲ್ಲ. ಎಷ್ಟ್ ಹೊತ್ ಬೇಕಾದ್ರೂ ತಗೊಂಡು ಒಂದೊಂದೇ ಚೆಂಡು ಬಿಡ್ಬೋದು. ಇವ್ರಿಗೆ ಅವಸರ ಮಾಡ್ಸದೇ ಇರೋ ಆಟ ಇದೊಂದೇ,” ಎಂದರು. ಚೀಲದಿಂದ ಒಪ್ಪಿಗೆಯ ಕಾಗದ ತೆಗೆದೆ. ಸಹಿ ಹಾಕಿದೆ.

ಅಲ್ಲಿ ಕಾಲುಚೀಲ ಕಡ್ಡಾಯ. ಅಮ್ಮ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಮೂರು ಜೊತೆ ತಂದಳು. ತಮ್ಮ ಸೋಮವಾರ ಸಂಜೆಯೇ ಕಾಲುಚೀಲ ಹಾಕಿಕೊಂಡು ಮಲಗುತ್ತಿದ್ದ. ಅಲ್ಲಿ ಕೊಡುತ್ತಿದ್ದ ಕೆಂಪು ನೀಲಿ ಬಣ್ಣದ ಶೂ ಅವನಿಗೆ ಆಟಕ್ಕಿಂತ ಹೆಚ್ಚು ಇಷ್ಟ. ಹಿಮ್ಮಡಿಯ ಮೇಲೆ ಬರೆದ ಏಳು ಎಂಬ ಅಂಕಿಯನ್ನು ಗಾಳಿಯಲ್ಲಿ ಬರೆದು ತೋರಿಸುತ್ತಿದ್ದ. ಪಿನ್ನುಗಳನ್ನು ಅವನು ಬಾಟ್ಲಿ ಎಂದು ಕರೆಯುತ್ತಿದ್ದ, ನಮ್ಮ ಮನೆಯಲ್ಲೂ ಅದೇ ಹೆಸರು ನಿಂತಿತು.

ಪ್ರತಿ ಮಂಗಳವಾರ ಅಂಕಗಳ ಚೀಟಿ ಮನೆಗೆ ಬರುತ್ತಿತ್ತು. ಅದನ್ನು ಅವನು ಕ್ಯಾಲೆಂಡರಿನ ಮೊಳೆಗೆ ಚುಚ್ಚಿಡುತ್ತಿದ್ದ. “ಇವತ್ತೆಷ್ಟ್ ಬಾಟ್ಲಿ ಬಿತ್ತೋ?” ಎಂದು ಅಮ್ಮ ಕೇಳಿದರೆ, ಮೊದಲು ನಾನೆಲ್ಲಿದ್ದೇನೆ ಎಂದು ನೋಡಿ, ಆಮೇಲೆ ಅಮ್ಮನ ಕಿವಿಗೆ ಬಾಯಿಟ್ಟು ಪಿಸುಗುಟ್ಟುತ್ತಿದ್ದ. ಅದು ತಾಯಿ ಮಗನ ಗುಟ್ಟು ಎಂದುಕೊಂಡು ನಾನು ತಲೆಕೆಡಿಸಿಕೊಳ್ಳಲಿಲ್ಲ. ಒಂದು ಸಲದಲ್ಲಿ ಏಳು, ಇನ್ನೊಂದರಲ್ಲಿ ಒಂಬತ್ತು ಎಂದೆಲ್ಲ ಚೀಟಿಯಲ್ಲಿರುತ್ತಿತ್ತು. ಅಮ್ಮ ಅದನ್ನು ಹಾಲು ಹಾಕುವವನಿಗೂ ತೋರಿಸುವಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ನಗುತ್ತಿದ್ದೆ. ಆ ಚೀಟಿಗಳನ್ನು ನಾನು ನಂಬಿಯೇ ಇರಲಿಲ್ಲ. ತಂದೆತಾಯಿ ಖುಷಿಪಡಲಿ ಎಂದು ಬೇರೆ ಯಾರದ್ದೋ ಅಂಕವನ್ನು ಇವನ ಹೆಸರಿಗೆ ಕೊಟ್ಟು ಕಳಿಸುತ್ತಾರೆ ಎಂದು ನನ್ನ ಲೆಕ್ಕ.

ಆರೇಳು ತಿಂಗಳ ಮೇಲೆ ಇನ್ನೊಂದು ಕಾಗದ ಬಂತು. ಚೆನ್ನೈಯಲ್ಲಿ ಇವರಂಥ ಆಟಗಾರರ ಕೂಟ ಇದೆ, ಹನ್ನೆರಡು ಜನರಲ್ಲಿ ಆರು ಜನರನ್ನು ಆರಿಸುತ್ತೇವೆ, ಟೀಚರುಗಳು ರೈಲಿನಲ್ಲಿ ಕರೆದುಕೊಂಡು ಹೋಗಿ ಬರುತ್ತಾರೆ, ಮನೆಯವರು ಬರುವಂತಿಲ್ಲ. ತಮ್ಮನಿಗೆ ಓದಿ ಹೇಳಿದ್ದು ಅಮ್ಮ. ಅವನು ಅಟ್ಟದಿಂದ ಅಪ್ಪನ ಹಳೆಯ ಏರ್‌ಬ್ಯಾಗ್ ಇಳಿಸಿ, ಟವೆಲು, ಹಲ್ಲುಜ್ಜುವ ಬ್ರಷ್ಷು, ಮೂರು ಜೊತೆ ಕಾಲುಚೀಲ ತುಂಬಿಕೊಂಡ. “ಮೇಲಿನ ಬರ್ತು,” ಎಂದ. ರೈಲಿನಲ್ಲಿ ಅವನನ್ನು ಎಂದೂ ಮೇಲಿನ ಬರ್ತಿಗೆ ಹತ್ತಲು ನಾನು ಬಿಟ್ಟಿರಲಿಲ್ಲ, ಬಿದ್ದರೆ ಎಂದು. ಮನೆಯವರಿಲ್ಲದೆ ಅವನು ಒಂದು ರಾತ್ರಿಯೂ ಎಲ್ಲೂ ಕಳೆದವನಲ್ಲ. ಅವನು ಆಯ್ಕೆಯಾಗದಿದ್ದರೆ ಸಾಕು ಎಂದು ನಾನು ಒಳಗೊಳಗೇ ಬಯಸಿದ್ದೆ. ಆ ಬ್ಯಾಗು ಮಾತ್ರ ಆಯ್ಕೆಗೆ ಮುಂಚೆ ಹತ್ತು ದಿನ ಬಾಗಿಲ ಬಳಿಯೇ ಇತ್ತು. ಅವನ ಜೀವವೆಲ್ಲ ಅದರಲ್ಲಿತ್ತು.

ಆಯ್ಕೆ ಒಂದು ಶನಿವಾರ ಬೆಳಿಗ್ಗೆ. ಮನೆಯವರೂ ಬಂದು ನೋಡಬಹುದು ಎಂದಿದ್ದರು, ಹೋದೆ. ಎ.ಸಿ.ಯ ಚಳಿ, ಪಾಪ್‌ಕಾರ್ನಿನ ವಾಸನೆ, ಕನ್ನಡಿಯ ಹಾಗೆ ಹೊಳೆಯುವ ನೆಲ. ಹನ್ನೆರಡು ಜನ ಶೂ ಕಟ್ಟಿಕೊಂಡು ಬೆಂಚಿನ ಮೇಲೆ ಕೂತಿದ್ದರು. ನಲವತ್ತು ದಾಟಿದ ಒಬ್ಬಾಕೆ ಚೆಂಡನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು ತಳ್ಳಿದರು. ಕೈಯಲ್ಲಿ ಶಕ್ತಿಯಿಲ್ಲದ ಇನ್ನೊಬ್ಬನಿಗಾಗಿ ಟೀಚರ್ ತಿಲಕ್ ನಗರದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೈಪುಗಳ ಒಂದು ಜಾರುಬಂಡೆ ಮಾಡಿಸಿದ್ದರು. ಅದರ ಮೇಲಿಟ್ಟ ಚೆಂಡನ್ನು ಬೆರಳಿನಿಂದ ಮುಟ್ಟಿದರೆ ಸಾಕು. ಹತ್ತು ಬಿದ್ದರೂ ಚಪ್ಪಾಳೆ, ಒಂದೂ ಬೀಳದಿದ್ದರೂ ಅಷ್ಟೇ ಚಪ್ಪಾಳೆ. ಇಂಥ ಪ್ರೇಕ್ಷಕರು ಸಿಕ್ಕಿದರೆ ಯಾರು ಬೇಕಾದರೂ ಆಡಬಹುದು ಎನಿಸಿತು.

ತಮ್ಮನ ಸರದಿ ಬಂತು. ಚೆಂಡನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಗೆರೆಯವರೆಗೆ ಹೋದ. ಬಗ್ಗಿದ. ಬಿಟ್ಟ. ಚೆಂಡು ಬಲಗಡೆಯ ಚರಂಡಿಗಿಳಿದು ಕೊನೆಯವರೆಗೂ ಹೋಯಿತು. ಅವನು ತಿರುಗಿ ನನ್ನನ್ನು ನೋಡಿ ನಕ್ಕ. ಎರಡನೆಯದು ಎಡಗಡೆಯ ಚರಂಡಿಗೆ. ಮತ್ತೆ ತಿರುಗಿ ನಕ್ಕ. ಪಾಪ, ಆಟವೇ ಅರ್ಥವಾಗಿಲ್ಲ ಇವನಿಗೆ, ಎಂದುಕೊಂಡೆ. ಒಬ್ಬೊಬ್ಬರಿಗೆ ಹತ್ತು ಸುತ್ತು, ಸುತ್ತಿಗೆ ಎರಡರಂತೆ ಇಪ್ಪತ್ತು ಎಸೆತ. ಇಪ್ಪತ್ತೂ ಚರಂಡಿಗೇ ಹೋದವು, ಇಪ್ಪತ್ತು ಸಲವೂ ತಿರುಗಿ ನನಗೆ ನಗು ತೋರಿಸಿದ. ಮೇಲಿನ ಪರದೆಯಲ್ಲಿ ಅವನ ಹೆಸರಿನ ಮುಂದೆ ಸೊನ್ನೆಗಳ ಸಾಲು ಬೆಳೆಯಿತು.

ನನಗೆ ರೇಗಿತು. ಟೀಚರ್ ಬಳಿ ಹೋದೆ.

“ಏಳು, ಒಂಬತ್ತು ಅಂತ ಬರೆದು ಕಳಿಸ್ತಿದ್ರಲ್ಲ, ಯಾರದ್ದದು? ನಮ್ಮನ್ನ ಖುಷಿಪಡಿಸಕ್ಕೆ ಸುಳ್ಳು ಹೇಳ್ಬೇಕಾ? ಆ ಹುಡ್ಗ ಹತ್ತು ದಿನದಿಂದ ಬ್ಯಾಗ್ ಕಟ್ಕೊಂಡ್ ಕೂತಿದಾನೆ.”

ಆಕೆಯ ಮುಖ ಸಪ್ಪಗಾಯಿತು. ಆದರೆ ನನ್ನ ಮಾತಿಗಲ್ಲ. ಆಕೆ ತಮ್ಮನನ್ನೇ ನೋಡುತ್ತಿದ್ದರು. “ಇವ್ರು ಹಿಂಗೆ ಯಾವತ್ತೂ ಆಡಿಲ್ಲ ಮೇಡಂ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ತಪ್ ತಿಳ್ಕೊಬೇಡಿ. ಒಂದ್ ಹತ್ ನಿಮಿಷ ಆಚೆ ಕೂತ್ಕೋತೀರಾ?” ಎಂದರು.

ಹೊರಗೆ ಮೆಟ್ಟಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಗಾಜಿನ ಬಾಗಿಲಿಗೆಲ್ಲ ಜಾಹೀರಾತು ಅಂಟಿಸಿದ್ದರಿಂದ ಒಳಗಿನದು ಕಾಣುತ್ತಿರಲಿಲ್ಲ. ಚೆಂಡು ಉರುಳುವ ಸದ್ದು ಕೇಳಿತು. ಆಮೇಲೆ ಬಾಟ್ಲಿಗಳು ದಬದಬ ಬಿದ್ದ ಸದ್ದು. ಅದರ ಹಿಂದೆಯೇ ಒಂದು ನಗು, ಗಂಟಲಿಂದ ಗೊರಗೊರ ಬರುವ ನಗು. ಆ ನಗು ಬೇರೆ ಯಾರದ್ದೂ ಆಗಿರಲು ಸಾಧ್ಯವಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಕಚಗುಳಿ ಇಟ್ಟಾಗ ಬರುತ್ತಿದ್ದದ್ದು. ಮನೆಯಲ್ಲಿ ಅದನ್ನು ಕೇಳಿ ವರ್ಷಗಳೇ ಆಗಿತ್ತು, ಕೇಳುತ್ತಿಲ್ಲ ಎಂಬುದನ್ನೂ ನಾನು ಗಮನಿಸಿರಲಿಲ್ಲ. ಮತ್ತೆ ಚೆಂಡು, ಮತ್ತೆ ದಬದಬ, ಮತ್ತೆ ನಗು.

ತಡೆಯಲಾಗದೆ ಎದ್ದು ಬಾಗಿಲನ್ನು ಒಂದು ಗೇಣು ತೆರೆದೆ. ತಮ್ಮ ಚೆಂಡು ಎತ್ತಿಕೊಂಡು ನಿಂತಿದ್ದ. ನನ್ನನ್ನು ಕಂಡ. ಸೀದಾ ಹೊರಟವನು ಎರಡು ಹೆಜ್ಜೆ ಬಲಕ್ಕೆ ಸರಿದು, ಬಗ್ಗಿ, ಚೆಂಡನ್ನು ತೊಟ್ಟಿಲಲ್ಲಿ ಮಗುವನ್ನು ಮಲಗಿಸುವಂತೆ ಚರಂಡಿಯೊಳಗೆ ಇಟ್ಟು ತಳ್ಳಿದ. ತಿರುಗಿ ನನಗೆ ನಕ್ಕ. ಅವನ ಗುರಿ ತಪ್ಪಿರಲೇ ಇಲ್ಲ. ಒಂದೂ ಬಾಟ್ಲಿ ಬೀಳದ ಕಡೆಗೇ ಅವನು ಗುರಿಯಿಟ್ಟಿದ್ದ.

“ಮಂಗಳವಾರ ಇನ್ನೊಂದ್ ಸಲ ನೋಡ್ತೀನಿ ಮೇಡಂ,” ಎಂದರು ಟೀಚರ್. “ನೀವು ಬರ್ದೇ ಇದ್ರೆ ಸಾಕು. ಚೆನ್ನೈಲೂ ಹೆಂಗಿದ್ರೂ ನೀವಿರಲ್ಲ.” ನನ್ನನ್ನು ನೋಯಿಸಲು ಹೇಳಿದ್ದಲ್ಲ ಅದು. ಆದರೂ ನೋಯಿತು.

ಬಸ್ಸಿನಲ್ಲಿ ಅವನಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. “ಯಾಕೋ ಬೀಳಿಸ್ಲಿಲ್ಲ?” ಎಂದು ಕೇಳಿದೆ. ಬಹಳ ಹೊತ್ತು ಹೊರಗೆ ನೋಡುತ್ತಿದ್ದ. ಅವನನ್ನು ಏನಾದರೂ ಕೇಳಿದರೆ ಕಾಯಬೇಕು. ನಾನು ಕಾಯುವುದು ಕಡಿಮೆ. ಅಂದು ಕಾದೆ.

“ಬಿದ್ರೆ ಅಕ್ಕ ಅಳ್ತಾಳೆ,” ಎಂದ, ಕಿಟಕಿಗೆ ಹೇಳುವವನಂತೆ.

“ಯಾವಾಗೋ ಅತ್ತೆ ನಾನು?”

ಅವನು ನನ್ನ ತೊಡೆಯಿಂದ ಜಾರುತ್ತಿದ್ದ ಚೀಲದ ಮೇಲೆ ಅಂಗೈ ಇಟ್ಟು, ನಮ್ಮ ಸ್ಟಾಪು ಬರುವವರೆಗೂ ಹಿಡಿದುಕೊಂಡಿದ್ದ.

ಮನೆಯಲ್ಲಿ ಅಮ್ಮ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಎಲ್ಲ ಹೇಳಿದೆ. ಬೈದರೆ ಬೈಸಿಕೊಳ್ಳೋಣ ಎಂದು ಸಿದ್ಧವಾಗಿದ್ದೆ. ಅಮ್ಮ ಕೈಯಲ್ಲಿದ್ದ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದಳು. “ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇನೇ,” ಎಂದಳು. ಆಮೇಲೆ, “ಆದ್ರೂ ಗಂಟು ಹಾಕಿದ್ದು ನೀನು. ನೀನೇ ಬಿಚ್ಚು,” ಎಂದಳು.

ಏಳು ವರ್ಷ ಆ ಹುಡುಗ ಒಂದೊಂದು ಲೋಟವನ್ನೂ ಎರಡು ಕೈಯಲ್ಲಿ ಹಿಡಿದದ್ದು ನಾನು ಅಳಬಾರದೆಂದು. ಅದನ್ನು ನಾನು ಜೋಪಾನ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಮಾರನೆಯ ದಿನ ಭಾನುವಾರ. ಅವನನ್ನು ಎದುರಿಗೆ ಕೂರಿಸಿಕೊಂಡು, ಏನು ಬಿದ್ದರೂ ಇನ್ನು ನಾನು ಅಳುವುದಿಲ್ಲ ಎಂದು ಹೇಳಿದೆ. “ಹೂಂ,” ಎಂದ. ನನಗೆ ಗೊತ್ತಿತ್ತು, ಅದು ಮಾತು ಮುಗಿಸಲು ಹೇಳುವ ಹೂಂ. ಸರಿ, ತೋರಿಸಿಯೇ ಬಿಡೋಣ ಎಂದು ಗೂಡಿನಿಂದ ಒಂದು ಲೋಟ ತೆಗೆದು ನೆಲಕ್ಕೆ ಬಿಟ್ಟೆ. ಅದು ಎರಡನೇ ಸಲ ಪುಟಿಯುವ ಮೊದಲೇ ಅವನು ಹಾರಿ ಹಿಡಿದ. ಹಿಡಿದು ನನ್ನ ಮುಖ ನೋಡಿದ. ನಾನು ಹಲ್ಲು ಕಿರಿದೆ. ಅವನು ಲೋಟ ಒರೆಸಿ ಒಳಗಿಟ್ಟ. ಇನ್ನೊಂದು ಬಿಟ್ಟೆ. ಅಮ್ಮನೂ ಸೇರಿಕೊಂಡು ಒಂದು ತಟ್ಟೆ ಬಿಟ್ಟಳು. ನಾನು ಒಂದು ಚೊಂಬು. ಮಹಡಿಯ ಮೇಲೆ ಬಾಡಿಗೆಗಿದ್ದ ಗದಗದ ಕಡೆಯ ಯುವಕ ಗಾಬರಿಯಾಗಿ ಮೆಟ್ಟಿಲ ಮೇಲಿಂದ ಕೂಗಿದ: “ಅಕ್ಕಾರ, ಏನ್ ಬಿತ್ತರೀ? ನಾ ಬರ್ಲೇನ್ರೀ ಕೆಳಗ?”

“ಏನಿಲ್ಲಪ್ಪ, ನಾವೇ ಬೀಳಿಸ್ತಿದೀವಿ,” ಎಂದಳು ಅಮ್ಮ. ಮೇಲೆ ಬಾಗಿಲು ಹಾಕಿಕೊಂಡ ಸದ್ದಾಯಿತು.

ತಮ್ಮ ಎಲ್ಲವನ್ನೂ ಆರಿಸಿ, ಒರೆಸಿ, ಜೋಡಿಸಿ, ಗೂಡಿನ ಬಾಗಿಲು ಹಾಕಿ, ಅದಕ್ಕೆ ಬೆನ್ನು ಒತ್ತಿ ನಿಂತುಕೊಂಡ. ನಾನು ನಾಟಕವಾಡುತ್ತಿದ್ದೇನೆ ಎಂದು ಅವನಿಗೆ ಗೊತ್ತಾಗಿತ್ತು. ಲೆಕ್ಕ ತಪ್ಪಬಹುದು, ದಿನ ತಪ್ಪಬಹುದು, ನನ್ನ ಮುಖ ಓದುವುದರಲ್ಲಿ ಅವನು ಎಂದೂ ತಪ್ಪಿದವನಲ್ಲ.

ಮಂಗಳವಾರ ರಜೆ ಹಾಕಿದೆ. ನನ್ನನ್ನು ಬಾಗಿಲಲ್ಲಿ ಕಂಡು ಟೀಚರಿನ ಮುಖ ಇಳಿಯಿತು. “ನಾನ್ ನೋಡಕ್ ಬಂದಿಲ್ಲ, ಆಡಕ್ ಬಂದಿದೀನಿ,” ಎಂದೆ. ಕೌಂಟರಿನ ಹುಡುಗಿ ನನ್ನ ಕಾಲಿನ ಅಳತೆ ಕೇಳಿದಾಗ ತಮ್ಮ ಬಂದು ಪಕ್ಕದಲ್ಲಿ ನಿಂತ. ಶೂ ಲೇಸನ್ನು ಅವನೇ ಕಟ್ಟಿದ, ಎರಡೆರಡು ಗಂಟು ಹಾಕಿ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಚೆಂಡಿಗೆ ಕೈ ಹಾಕಿದಾಗ, ಅವನು ಕೆಳಗಿನಿಂದ ಎರಡೂ ಅಂಗೈ ಕೊಟ್ಟ. “ಭಾರ ಅಕ್ಕ. ಹುಷಾರು,” ಎಂದ.

ಗೆರೆಯ ಹತ್ತಿರ ಹೋಗಿ ಕೈ ಹಿಂದಕ್ಕೆ ಬೀಸಿದೆ ಅಷ್ಟೇ. ಬೆರಳಿನಿಂದ ಕಳಚಿದ ಚೆಂಡು ನನ್ನ ಹಿಂದೆಯೇ ಧಡ್ ಎಂದು ನೆಲಕ್ಕೆ ಬಿತ್ತು. ಇಡೀ ಕಟ್ಟಡವೇ ನಡುಗಿದಂತಾಯಿತು. ತಮ್ಮ ಉಸಿರು ಬಿಗಿಹಿಡಿದ. ಉಳಿದ ಹನ್ನೊಂದು ಜನವೂ ಎದ್ದು ಚಪ್ಪಾಳೆ ತಟ್ಟಿದರು, ನಾನು ಮಹಾ ಸಾಧನೆ ಮಾಡಿದವಳಂತೆ. ನನಗೆ ನಗು ಬಂತು. ತರಿಸಿಕೊಂಡ ನಗು ಅಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ಮಂಡಿ ಹಿಡಿದುಕೊಂಡು ನಕ್ಕೆ. ಎರಡನೇ ಚೆಂಡನ್ನು ಬಗ್ಗಿ ನೆಲದ ಮೇಲಿಟ್ಟು ತಳ್ಳಿದೆ. ಅದು ಸಂಜೆ ವಾಕಿಂಗಿಗೆ ಹೊರಟವರ ಹಾಗೆ ಆರಾಮವಾಗಿ ಹೋಗಿ, ಅತ್ತಿತ್ತ ನೋಡಿ, ಮೂರು ಬಾಟ್ಲಿಗಳನ್ನು ಮುಟ್ಟಿತು. ಮೂರೂ ಬಿದ್ದವು.

ತಮ್ಮ ಓಡಿಬಂದು ನನ್ನ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದು, ಹತ್ತಿರದಿಂದ, ಒಂದು ಕಣ್ಣು ನೋಡಿದ, ಇನ್ನೊಂದು ಕಣ್ಣು ನೋಡಿದ.

“ಬಿತ್ತು ಅಕ್ಕ,” ಎಂದ.

“ಬೀಳ್ಲಿ ಬಿಡೋ. ಅಲ್ ನೋಡು.”

ಯಂತ್ರ ಇಳಿದು ಬಂದು ಎಲ್ಲವನ್ನೂ ಗುಡಿಸಿ, ಹತ್ತು ಹೊಸ ಬಾಟ್ಲಿಗಳನ್ನು ನಿಲ್ಲಿಸಿ ಹೋಯಿತು. ಅವನು ಆರು ತಿಂಗಳಿಂದ ಅದನ್ನು ನೋಡಿದ್ದವನೇ. ಆದರೂ ನನ್ನ ಕೈ ಹಿಡಿದುಕೊಂಡು ಹೊಸದಾಗಿ ನೋಡಿದ.

ಆಮೇಲೆ ಅವನ ಆಟ ಶುರುವಾಯಿತು. ಮೊದಲ ಚೆಂಡಿಗೆ ನಾಲ್ಕು. ತಿರುಗಿ ನನ್ನ ಮುಖ ನೋಡಿದ, ನಾನು ನಕ್ಕೆ. ಎರಡನೆಯದಕ್ಕೆ ಎರಡು. ತಿರುಗಿದ, ನಕ್ಕೆ. ನಡುವೆ ಒಂದೆರಡು ಸಲ ಧೈರ್ಯ ಸಾಲದೆ ಚರಂಡಿಗೆ ಬಿಟ್ಟ, ಆಗಲೂ ನಕ್ಕೆ. ಒಂದು ಸಲ ಎಂಟು ಬಿದ್ದಾಗ ಓಡಿಯೇ ಬಂದು ಪರೀಕ್ಷೆ ಮಾಡಿ ಹೋದ. ನನ್ನ ಜೀವಮಾನದಲ್ಲಿ ಒಂದೇ ದಿನ ಅಷ್ಟು ನಕ್ಕಿರಲಿಲ್ಲ, ದವಡೆ ನೋಯುತ್ತಿತ್ತು. ಹತ್ತನೇ ಸುತ್ತಿಗೆ ಮುಂಚೆ ಬೇರೆಯವರ ಸರದಿ ಬಂದಾಗ ಅವನು ಬಂದು ಬೆಂಚಿನ ಮೇಲೆ ನನಗೆ ಆತುಕೊಂಡು ಕೂತ. ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ.

“ಅಪ್ಪನ್ನ ಹಿಡ್ಕೊಂಡಿದ್ದೆ ಅಕ್ಕ,” ಎಂದ.

ಏಳು ವರ್ಷದಲ್ಲಿ ಆ ದಿನದ ಬಗ್ಗೆ ಅವನು ಬಾಯಿಬಿಟ್ಟದ್ದು ಅದೇ ಮೊದಲು.

“ಗಟ್ಟಿಯಾಗ್ ಹಿಡ್ಕೊಂಡಿದ್ದೆ. ಭಾರ ಆಗ್ಬಿಟ್ರು.”

“ಗೊತ್ತು ಕಣೋ,” ಎಂದೆ. “ನೀನ್ ಬೀಳಿಸ್ಲಿಲ್ಲ. ಅಪ್ಪಂಗೆ ತಲೇಲಿ ಏನೋ ಆಗಿ ಅವ್ರಾಗೇ ಬಿದ್ರು. ಯಾರ್ ಹಿಡ್ಕೊಂಡಿದ್ರೂ ಬೀಳ್ತಿದ್ರು. ಡಾಕ್ಟ್ರು ನಂಗೆ ಅವತ್ತೇ ಹೇಳಿದ್ರು.”

ಅವನು ಯೋಚಿಸಿದ. ಈ ಸಲವೂ ನಾನು ಕಾದೆ.

“ಅವತ್ತೇ?”

“ಹೂಂ. ಅವತ್ತೇ.”

“ನಂಗ್ ಹೇಳ್ಬೇಕಿತ್ತಲ್ಲ ಅಕ್ಕ.”

ಮಾತಿನಲ್ಲಿ ಕೋಪ ಇರಲಿಲ್ಲ. ಆಫೀಸಿನಲ್ಲಿ ಮೇಲಿನವರಿಗೆ, ಮನೆಯಲ್ಲಿ ನೆಂಟರಿಗೆ, ದಾರಿಯಲ್ಲಿ ಆಟೋದವರಿಗೆ, ಎಲ್ಲರಿಗೂ ನನ್ನ ಬಾಯಲ್ಲಿ ಉತ್ತರ ಸಿದ್ಧವಿರುತ್ತದೆ. ಇವನಿಗೆ ಕೊಡಲು ಏನೂ ಇರಲಿಲ್ಲ. “ಹೇಳ್ಬೇಕಿತ್ತು. ತಪ್ಪಾಯ್ತು ಕಣೋ,” ಎಂದೆ. ಬೆಳಗಿನಿಂದ ತಡೆದುಕೊಂಡಿದ್ದ ಅಳು ಅಲ್ಲಿ ಒಡೆಯಿತು. ಟೀಚರ್ ದೂರದಿಂದ ನೋಡಿ ಗಾಬರಿಯಾದರು. ಇನ್ನು ಇವನ ಆಟ ಮುಗಿಯಿತು ಎಂದು ನನಗೂ ಅನಿಸಿತು. ಮುಖ ತಿರುಗಿಸಿಕೊಳ್ಳಲು ಹೋದೆ. ತಮ್ಮ ಬಿಡಲಿಲ್ಲ. ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಹರಿಯುತ್ತಿದ್ದ ಕಣ್ಣೀರನ್ನು ಸ್ವಲ್ಪ ಹೊತ್ತು ನೋಡಿ, ತನ್ನ ಅಂಗಿಯ ತೋಳಿನಿಂದ ಒರೆಸಿದ. ಆಮೇಲೆ ಪರದೆಯ ಕಡೆ ನೋಡಿ, “ನನ್ ಟರ್ನು,” ಎಂದು ಎದ್ದ.

ಆರು ಜನರಲ್ಲಿ ಆರನೆಯವನಾಗಿ ಅವನು ಚೆನ್ನೈಗೆ ಹೋದದ್ದು, ಮೇಲಿನ ಬರ್ತಿನಲ್ಲೇ ಮಲಗಿದ್ದು, ಅಲ್ಲಿ ಏನೂ ಗೆಲ್ಲದೆ ಮೂರು ಜೊತೆ ಕೊಳೆ ಕಾಲುಚೀಲದೊಂದಿಗೆ ವಾಪಸು ಬಂದದ್ದು, ಆ ವಾರವೇ ಅಡುಗೆಮನೆಯಲ್ಲಿ ಅವನ ಕೈಯಿಂದ ಒಂದು ಲೋಟ ಬಿದ್ದು ಅಮ್ಮ ಕೈಮುಗಿದದ್ದು, ಇವೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ಅವನು ಚೆಂಡೆತ್ತಿಕೊಂಡು ಗೆರೆಯ ಕಡೆ ನಡೆದಾಗ ನನಗೆ ಅವನ ಬೆನ್ನು ಮಂಜುಮಂಜಾಗಿ ಕಾಣುತ್ತಿತ್ತು. ಬಗ್ಗಿದ. ಚೆಂಡು ಉರುಳಿದ ಸದ್ದು ಕೇಳಿತು, ಬಾಟ್ಲಿಗಳು ಬಿದ್ದ ಸದ್ದೂ ಕೇಳಿತು. ಎಷ್ಟು ಬಿದ್ದವೋ ನೋಡಲಾಗಲಿಲ್ಲ, ನಾನಿನ್ನೂ ಅಳುತ್ತಿದ್ದೆ. ಅವನು ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಾ ಬಾಟ್ಲಿಗಳ ಕಡೆಯೇ ನೋಡುತ್ತಾ ನಿಂತಿದ್ದ. ಆ ಸಲ ತಿರುಗಿ ನನ್ನ ಮುಖ ನೋಡಲಿಲ್ಲ.